ಎಡಗಡೆಯ ಬಿಳಿ ಪಟ್ಟಿ

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಟೈಲರಕ್ಕ ಒಂದು ಜರ್ಸಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಕುತ್ತಿಗೆಯಿಂದ ಕೆಳಕ್ಕೆ ನಾಲ್ಕು ಬೆರಳು ಅಳೆದು ಸೀಮೆಸುಣ್ಣದ ಗೆರೆ ಎಳೆದರು. ಕೊರಳಲ್ಲೇ ಟೇಪು ನೇತಾಡುತ್ತಿತ್ತು, ಆದರೆ ನಂಬರು ಕೂರಿಸುವಾಗ ಅವರು ಟೇಪು ಮುಟ್ಟುವುದಿಲ್ಲ. ಒಂದು ಮತ್ತು ಏಳನ್ನು ಗೆರೆಯ ಮೇಲೆ ಇಟ್ಟು, ಬಿಸಿ ಒತ್ತುವ ಯಂತ್ರದ ಹಿಡಿ ಇಳಿಸಿ, ಹದಿನೈದರವರೆಗೆ ತುಟಿಯಲ್ಲೇ ಎಣಿಸಿದರು. ಭಾನುವಾರ ಪಂದ್ಯ. ಇನ್ನೂ ಆರು ಜರ್ಸಿ ಬಾಕಿ ಇದ್ದವು.

ಅವರ ಕೋಣೆ ಇರುವುದು ಮೈದಾನದ ಪಶ್ಚಿಮದ ಗ್ಯಾಲರಿಯ ಕೆಳಗೆ. ಜನ ಕೂರುವ ಮೆಟ್ಟಿಲುಗಳೇ ಅದಕ್ಕೆ ಸೂರು. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಷ್ಟೂ ತಲೆ ತಗ್ಗಿಸಬೇಕು. ಕ್ಲಬ್ಬಿಗೆ ಬಂದ ಪ್ರತಿ ಹೊಸ ಗೋಲ್‌ಕೀಪರ್ ಒಂದು ಸಲವಾದರೂ ಇಲ್ಲಿ ಹಣೆ ಬಡಿಸಿಕೊಂಡಿದ್ದಾನೆ. ಗೋಲಾದರೆ ಮೇಲಿಂದ ಸುಣ್ಣದ ಪುಡಿ ಉದುರುತ್ತದೆ. ನಲವತ್ತನಾಲ್ಕು ವರ್ಷಗಳಲ್ಲಿ ಅವರು ಕಣ್ಣಾರೆ ನೋಡಿದ ಗೋಲುಗಳನ್ನು ಬೆರಳಲ್ಲಿ ಎಣಿಸಬಹುದು, ತಲೆಯ ಮೇಲೆ ಕೇಳಿಸಿಕೊಂಡವಕ್ಕೆ ಲೆಕ್ಕವಿಲ್ಲ. ಪುಡಿ ಬಿದ್ದರೆ ನಮ್ಮದು, ಬೀಳದೆ ಬರೀ ಗದ್ದಲ ಕೇಳಿದರೆ ಎದುರಾಳಿಗಳದ್ದು. ಪಂದ್ಯದ ದಿನ ಹೊಲಿಗೆ ಯಂತ್ರದ ಮೇಲೆ ಒಂದು ಹಳೆಯ ಚಾದರ ಹೊದಿಸಿಯೇ ಅವರು ಕೆಲಸಕ್ಕೆ ಕೂರುವುದು.

ಅವರ ಸೇವಾವಧಿಯನ್ನು ಆಟಗಾರರು ಕರೆಯುವ ರೀತಿಯಲ್ಲೇ ಲೆಕ್ಕ ಹಾಕಬಹುದು. ಮೊದಲ ತಂಡ ಅವರನ್ನು ತಂಗಿ ಎನ್ನುತ್ತಿತ್ತು. ಆಮೇಲೆ ಬಂದವರು ಅಕ್ಕ ಎಂದರು. ಅದೇ ಹೆಸರು ರಿಜಿಸ್ಟರಿನಲ್ಲೂ ಕೂತಿತು. ನಡುವೆ ಕೆಲವು ವರ್ಷ ಅಮ್ಮ ಆದರು. ಈಗಿನ ಹುಡುಗರು ಅಜ್ಜಿ ಎನ್ನುತ್ತಾರೆ. ಹದಿನೇಳನೇ ನಂಬರಿನವನು ತೋಳು ಹರಿದ ಅಭ್ಯಾಸದ ಜರ್ಸಿ ತಂದು, ಅರ್ಜೆಂಟು ಎಂದಾಗ, ಅವರು ತಲೆ ಎತ್ತದೆ ಹೇಳಿದರು: “ಅಜ್ಜಿ ಅಂದವರಿಗೆ ನಾಳೆ. ಅಕ್ಕ ಅಂದ್ರೆ ಇವತ್ತೇ.”

ಅವನು ಅಕ್ಕ ಎಂದ. ಹರಿದ ತೋಳು ಹತ್ತು ನಿಮಿಷದಲ್ಲಿ ಸರಿಯಾಯಿತು.

ಅವನು ಹೊರಗೆ ಹೋಗುತ್ತಿದ್ದಂತೆ ಕ್ಲಬ್ಬಿನ ಕಾರ್ಯದರ್ಶಿ ಒಳಗೆ ಬಂದರು. ಇಪ್ಪತ್ತು ವರ್ಷದಿಂದ ಬರುತ್ತಿರುವವರು, ಎಲ್ಲಿ ಬಗ್ಗಬೇಕೆಂದು ಅವರಿಗೆ ಗೊತ್ತು. ಹೇಳಬೇಕಾದ ವಿಷಯ ಅವರ ಮುಖದಲ್ಲೇ ಇತ್ತು. ಹೋದ ವರ್ಷ ಕ್ಲಬ್ಬಿನ ಅರ್ಧ ಪಾಲು ಕೊಂಡ ಕಂಪನಿ ಮುಂದಿನ ಋತುವಿಗೆ ಜರ್ಸಿ ಬದಲಿಸುತ್ತಿತ್ತು. ಬಣ್ಣ ಅದೇ, ಕಡುಗೆಂಪು ಮತ್ತು ಬಿಳಿ. ಉದ್ದ ಪಟ್ಟಿಗಳೂ ಅವೇ. ಆದರೆ ಈಗಿನ ಜರ್ಸಿಯಲ್ಲಿ ಎಡಗಡೆಯ ಬಿಳಿ ಪಟ್ಟಿ ಮಿಕ್ಕವುಗಳಿಗಿಂತ ಒಂದು ಇಂಚು ಕಿರಿದಾಗಿರುವುದು ಕಂಪನಿಯವರ ಕಣ್ಣಿಗೆ ಬಿದ್ದಿತ್ತು. ಕಂಪ್ಯೂಟರಿನಲ್ಲಿ ಎಲ್ಲ ಪಟ್ಟಿಗಳನ್ನೂ ಸಮ ಮಾಡಿಬಿಟ್ಟಿದ್ದರು.

ಕಾರ್ಯದರ್ಶಿ ವಾದ ಮಾಡಿದ್ದರಂತೆ. ಆ ಕಿರಿದಾದ ಪಟ್ಟಿಗೊಂದು ಕಥೆ ಇದೆ, ಕಥೆ ಇದ್ದರೆ ಉಳಿಸುತ್ತೀರಾ ಎಂದು ಕೇಳಿದ್ದರಂತೆ. ಕಂಪನಿಯವರು ಯೋಚಿಸಿ, ಕಥೆ ಗೊತ್ತಿರುವವರು ಕ್ಯಾಮೆರಾ ಮುಂದೆ ಹೇಳಲಿ, ಆಮೇಲೆ ನೋಡೋಣ ಎಂದಿದ್ದರು. ಮರುದಿನ ಹನ್ನೊಂದಕ್ಕೆ ಅವರ ವಿನ್ಯಾಸಕಿ ಬರುವವಳಿದ್ದಳು.

“ನೀವು ಹೇಳಿದ್ರೆ ಕಲ್ಲಿನ ಮೇಲೆ ಬರೆದ ಹಾಗೆ ಅಕ್ಕಾ,” ಎಂದರು ಕಾರ್ಯದರ್ಶಿ. “ನಿಮ್ಮ ಅಣ್ಣನ ಕಥೆ ನಿಮ್ಮ ಬಾಯಲ್ಲೇ ಬರಲಿ.”

ಟೈಲರಕ್ಕ ಆಗಲಿ ಎಂದರು. ಹಾಗೆಂದ ಮೇಲೆ ಮುಂದಿನ ಜರ್ಸಿಗೆ ಒಂಬತ್ತರ ಬದಲು ಆರು ಅಂಟಿಸಿದರು. ಅದನ್ನು ಕಿತ್ತು ಸರಿಪಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಆ ಕಥೆ ಊರಿಗೆಲ್ಲ ಗೊತ್ತು. ಕ್ಲಬ್ಬು ಹುಟ್ಟಿದ್ದು ನೂಲಿನ ಮಿಲ್ಲಿನಲ್ಲಿ. ಊಟದ ಬಿಡುವಿನಲ್ಲಿ ಹಿತ್ತಲ ಬಯಲಿನಲ್ಲಿ ಚೆಂಡು ಒದೆಯುತ್ತಿದ್ದ ಕಾರ್ಮಿಕರೇ ಮೊದಲ ತಂಡ. ನಲವತ್ತನಾಲ್ಕು ವರ್ಷದ ಹಿಂದೆ ಆ ತಂಡ ಸಂಬಳದ ಆಟಗಾರರ ಲೀಗಿಗೆ ಸೇರಿತು. ಮಿಲ್ಲು ಮುಚ್ಚಿ ಇಪ್ಪತ್ತು ವರ್ಷವಾಗಿ, ಅದರ ಕಟ್ಟಡದಲ್ಲಿ ಈಗ ಸಿಮೆಂಟು ಚೀಲಗಳಿದ್ದರೂ, ಗ್ಯಾಲರಿಯಲ್ಲಿ ಇಂದಿಗೂ “ಮಿಲ್ಲು, ಮಿಲ್ಲು” ಎಂದೇ ಕೂಗುತ್ತಾರೆ. ಮಿಲ್ಲನ್ನು ಕಂಡೇ ಇಲ್ಲದವರ ದನಿಯೇ ಹೆಚ್ಚು ಜೋರು. ಆ ಮೊದಲ ತಂಡದ ಎಡಗಡೆಯ ಓಟಗಾರ ಲೀಗಿನ ಮೊದಲ ಪಂದ್ಯಕ್ಕೆ ಮುಂಚೆಯೇ ಮಿಲ್ಲಿನ ಅಪಘಾತದಲ್ಲಿ ತೀರಿಕೊಂಡ, ಅವನ ನೆನಪಿಗೆ ಅವನ ತಂಗಿಯೇ ಎಡಗಡೆಯ ಪಟ್ಟಿಯನ್ನು ಕಿರಿದು ಮಾಡಿ ಹೊಲಿದಳು, ಎಂಬುದು ಕಥೆ. ಪಂದ್ಯದ ಕರಪತ್ರದಲ್ಲಿ ಅದು ಅಚ್ಚಾಗಿದೆ. ಅಪ್ಪಂದಿರು ಮಕ್ಕಳಿಗೆ ಹೇಳುತ್ತಾರೆ. ಕೆಲವು ಅಭಿಮಾನಿಗಳು ಗೋಲಾದಾಗ ಎರಡು ಬೆರಳಿನಿಂದ ಆ ಪಟ್ಟಿಯನ್ನು ಮುಟ್ಟುತ್ತಾರೆ.

ನಡೆದದ್ದು ಬೇರೆ.

ಆಗ ಟೈಲರಕ್ಕನಿಗೆ ಹತ್ತೊಂಬತ್ತು. ದಿಂಬಿನ ಚೀಲ, ಮಕ್ಕಳ ಅಂಗಿ ಬಿಟ್ಟು ಬೇರೇನೂ ಹೊಲಿದು ಗೊತ್ತಿರಲಿಲ್ಲ. ಲೀಗಿಗೆ ಸಮವಸ್ತ್ರ ಬೇಕಾದಾಗ, ಮಗ್ಗದ ವಿಭಾಗದಲ್ಲಿದ್ದ ಅಣ್ಣ, ನನ್ನ ತಂಗಿ ಹೊಲೀತಾಳೆ ಎಂದು ಮೊದಲು ಮಾತು ಕೊಟ್ಟು, ಆಮೇಲೆ ಮನೆಗೆ ಬಂದು ತಂಗಿಯನ್ನು ಕೇಳಿದ. ಮಿಲ್ಲು ಎರಡು ಬಣ್ಣದ ಬಟ್ಟೆಯನ್ನು ಅಳೆದು ಕೊಟ್ಟಿತು. ಒಂದು ಗೇಣೂ ಹೆಚ್ಚಿಲ್ಲ. ಎದೆಯ ಮೇಲೆ ಏಳು ಪಟ್ಟಿ, ನಾಲ್ಕು ಕಡುಗೆಂಪು, ಮೂರು ಬಿಳಿ. ಒಂದೊಂದೂ ಮೂರು ಇಂಚು ಕಾಣಬೇಕು. ಎರಡೂ ಅಂಚಿಗೆ ಹೊಲಿಗೆಗೆಂದು ಅರ್ಧರ್ಧ ಇಂಚು ಬಿಟ್ಟು, ನಾಲ್ಕು ಇಂಚಿಗೆ ಕತ್ತರಿಸಬೇಕು.

ಬಟ್ಟೆಯನ್ನು ಹದಿನೈದು ಪದರ ಮಡಿಸಿ ಒಟ್ಟಿಗೇ ಕತ್ತರಿಸುತ್ತ ಬಂದರು. ಆರು ಸಲ ಸರಿಯಾಗಿ ಬಂತು. ಏಳನೆಯದಕ್ಕೆ ಕತ್ತರಿ ಹಾಕುವಾಗ ಅಣ್ಣ ಬಾಗಿಲಲ್ಲಿ ನಿಂತು, ಯಾವ ತಂಡದ ಮೇಲೆ ಯಾವತ್ತು ಆಟ ಎಂದು ಜೋರಾಗಿ ಓದುತ್ತಿದ್ದ. ಹೆಸರು ಮಾತ್ರ ಕೇಳಿ ಗೊತ್ತಿದ್ದ ದೊಡ್ಡ ದೊಡ್ಡ ತಂಡಗಳು. ಕೇಳುತ್ತ ಕೇಳುತ್ತ ತಂಗಿ ಮೂರು ಇಂಚಿಗೇ ಕತ್ತರಿಸಿಬಿಟ್ಟಳು. ಹೊಲಿಗೆಗೆ ಬಿಡಬೇಕಾದ ಅಂಚು ಮರೆತೇಹೋಗಿತ್ತು. ಒಂದು ಜರ್ಸಿಯದ್ದಲ್ಲ, ಹದಿನೈದು ಜರ್ಸಿಯ ಪಟ್ಟಿ ಹಾಳಾಗಿತ್ತು. ಮೊದಲ ಪಂದ್ಯಕ್ಕೆ ನಾಲ್ಕು ದಿನ ಉಳಿದಿತ್ತು.

ತಂಗಿ ಅತ್ತಳು. ಅಣ್ಣ ಒಂದು ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಹೇಳಿದ ಮಾತು ಅವರಿಗೆ ಅಕ್ಷರಶಃ ನೆನಪಿದೆ: “ಒಂದರಲ್ಲಿದ್ರೆ ತಪ್ಪು. ಹದಿನೈದರಲ್ಲೂ ಒಂದೇ ಜಾಗದಲ್ಲಿದ್ರೆ ಅದು ಡಿಸೈನು ಕಣೇ. ಕಣ್ಣೊರೆಸ್ಕೊಂಡು ಹೊಲಿ.”

ಯಾವ ಜಾಗದಲ್ಲಿ ಎಂದು ತಂಗಿ ಕೇಳಿದಳು. ಎಡಗಡೆ ಹಾಕು, ನಾನು ಓಡೋದು ಆ ಕಡೆಯೇ ತಾನೆ, ಎಂದ.

ಆ ಜರ್ಸಿ ತೊಟ್ಟು ಅವನು ಒಂದು ಇಡೀ ಋತು ಆಡಿದ. ಏಳು ಗೋಲು ಹೊಡೆದ. ಪಟ್ಟಿಯ ಬಗ್ಗೆ ಯಾರೂ ಕೇಳಲಿಲ್ಲ. ಮುಂದಿನ ಋತು ಶುರುವಾಗುವ ಮುಂಚೆ ಕಾಮಾಲೆ ಬಂದು, ಮೂರು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಅಪಘಾತ ಯಾವುದೂ ಆಗಿರಲಿಲ್ಲ. ಹತ್ತು ವರ್ಷದ ನಂತರ ಕರಪತ್ರದಲ್ಲಿ ಮೊದಲ ಬಾರಿಗೆ ಆ ಕಥೆ ಬಂದಾಗ ಟೈಲರಕ್ಕ ಅದನ್ನು ಎರಡು ಸಲ ಓದಿದರು, ಮಡಿಸಿ ಇಟ್ಟರು. ಬರೆದವರನ್ನು ಕೇಳಲಿಲ್ಲ. ಅಣ್ಣನ ಹೆಸರಲ್ಲಿ ಊರಿನಲ್ಲಿ ಒಂದು ಕಲ್ಲಿಲ್ಲ, ಬೀದಿಯಿಲ್ಲ. ಇದ್ದದ್ದು ಇದೊಂದೇ, ಎರಡು ಇಂಚು ಬಟ್ಟೆ.

ಆ ಸಂಜೆ ಮನೆಯಲ್ಲಿ ಗಂಡನಿಗೆ ವಿಷಯ ಹೇಳಿದರು. ಗಂಡ ಅದೇ ಮೊದಲ ತಂಡದ ಬದಲಿ ಗೋಲ್‌ಕೀಪರ್. ಹನ್ನೊಂದು ವರ್ಷದಲ್ಲಿ ಆಡಿದ್ದು ಒಂಬತ್ತು ಪಂದ್ಯ, ಮಿಕ್ಕದ್ದೆಲ್ಲ ಬೆಂಚಿನ ಮೇಲೆ. ಗೆಳೆಯರು ಅವರಿಗೆ ಗೋಡೆ ಎಂದು ಹೆಸರಿಟ್ಟಿದ್ದರು. ಚೆಂಡು ತಡೆಯುತ್ತಾರೆಂದಲ್ಲ, ಕೂತರೆ ಕದಲುವುದಿಲ್ಲವೆಂದು. ಈಗಲೂ ಕುರ್ಚಿಯಿಂದ ಕದಲದೆ, ನಡೆದದ್ದು ಗೊತ್ತಿರುವವರು ಇನ್ನು ಎಷ್ಟು ಜನ ಉಳಿದಿದ್ದಾರೆ ಎಂದು ಲೆಕ್ಕ ಹಾಕಿದರು. ತಮ್ಮಿಬ್ಬರನ್ನೂ ಸೇರಿಸಿ ನಾಲ್ಕು.

“ನಾನಂತೂ ಬಾಯಿ ಬಿಡಲ್ಲ,” ಎಂದರು. “ಸತ್ತವನ ಹೆಸರಲ್ಲಿ ಒಂದು ಚೂರು ಬಟ್ಟೆ ಇದ್ರೆ ಯಾರ ಗಂಟು ಹೋಗತ್ತೆ? ನೀನು ನಿಜ ಹೇಳಿದ್ರೆ ಕಥೆಯೂ ಹೋಯ್ತು, ಪಟ್ಟಿಯೂ ಹೋಯ್ತು.”

ಅದು ಸರಿ ಎಂದು ಟೈಲರಕ್ಕನಿಗೂ ಅನಿಸಿತ್ತು. ಪಟ್ಟಿ ಉಳಿಯಬೇಕಾದರೆ ಸುಳ್ಳು ಹೇಳಬೇಕು. ಇಷ್ಟು ವರ್ಷ ಸುಮ್ಮನಿದ್ದದ್ದು ಒಂದು, ಕ್ಯಾಮೆರಾ ಮುಂದೆ ಕೂತು ಬಾಯಾರೆ ಹೇಳುವುದು ಇನ್ನೊಂದು. ಅವರು ಮನೆಯ ಹೊಲಿಗೆ ಯಂತ್ರದ ಖಾನೆಯಿಂದ ಒಂದು ಫೋಟೋ ತೆಗೆದರು. ಲೀಗಿನ ಮೊದಲ ಪಂದ್ಯದ ಬೆಳಿಗ್ಗೆ ಮಿಲ್ಲಿನ ಮೆಟ್ಟಿಲ ಮೇಲೆ ಹಿಡಿದದ್ದು. ಕ್ಲಬ್ಬಿನ ಕಚೇರಿಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದು ಬಹಳ ಕಾಲವಾಗಿತ್ತು. ಮುಂದಿನ ಸಾಲಿನ ತುದಿಯಲ್ಲಿ ಅಣ್ಣ ಕೂತಿದ್ದಾನೆ, ಮೊಣಕಾಲ ಮೇಲೆ ಕೈ, ಬಾಯಿ ತುಂಬ ನಗು. ಎದೆಯ ಎಡಗಡೆ ಕಿರಿದಾದ ಬಿಳಿ ಪಟ್ಟಿ. ತನ್ನ ನೆನಪಿಗೆಂದು ಹೊಲಿದದ್ದೆನ್ನುವ ಜರ್ಸಿಯನ್ನು ತಾನೇ ತೊಟ್ಟಿದ್ದಾನೆ. ಹಿಂದಿನ ಸಾಲಿನಲ್ಲಿ ಗೋಡೆ, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದಾರೆ.

“ಒಂದು ಇಂಚು ಕಮ್ಮಿ ಮಾಡಿ ಹೊಲಿದೆಯಲ್ಲ,” ಎಂದರು ಗೋಡೆ, ಫೋಟೋ ನೋಡುತ್ತ. “ಆ ವರ್ಷ ಪೂರ್ತಿ ನಾವು ಉಸಿರು ಬಿಗಿ ಹಿಡಿದೇ ಆಡಿದ್ದು.”

“ನೀವೆಲ್ಲಿ ಆಡಿದ್ರಿ?” ಎಂದರು ಟೈಲರಕ್ಕ.

ಮರುದಿನ ಹನ್ನೊಂದಕ್ಕೆ ವಿನ್ಯಾಸಕಿ ಬಂದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಜೊತೆಗೆ ಕ್ಯಾಮೆರಾದವನು. ಅವಳು ಮೇಡಂ ಎಂದು ಮಾತು ಶುರು ಮಾಡಿದಾಗ ಟೈಲರಕ್ಕ ತಿರುಗಿ ಬಾಗಿಲ ಕಡೆ ನೋಡಿದರು. ಯಾರೂ ಬಂದಿಲ್ಲ, ನಿಮ್ಮನ್ನೇ ಕರೆದದ್ದು, ಎಂದು ಕಾರ್ಯದರ್ಶಿ ಹೇಳಬೇಕಾಯಿತು. ದೀಪ ಹಚ್ಚಿದರು. ಪಟ್ಟಿಯ ಕಥೆ ಹೇಳಿ ಎಂದಳು.

ಟೈಲರಕ್ಕ ಫೋಟೋವನ್ನು ಮೇಜಿನ ಮೇಲಿಟ್ಟು, ಅಣ್ಣನ ಎದೆಯ ಮೇಲೆ ಬೆರಳಿಟ್ಟರು. “ಇವನು ಸತ್ತಿದ್ದಕ್ಕೆ ಹೊಲಿದದ್ದಲ್ಲ. ನಾನು ಕತ್ತರಿಸೋವಾಗ ತಪ್ಪು ಮಾಡಿದೆ.” ಆಮೇಲೆ ಬಟ್ಟೆಯ ಪದರ, ಮರೆತ ಅಂಚು, ಅಣ್ಣ ಹೇಳಿದ ಮಾತು, ಕಾಮಾಲೆ, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿ ಮುಗಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ. ಕಾರ್ಯದರ್ಶಿ ತಗ್ಗು ಸೂರಿನ ಕೆಳಗೆ ಹಣೆಗೆ ಕೈಕೊಟ್ಟು ನಿಂತಿದ್ದರು.

ವಿನ್ಯಾಸಕಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಪಟ್ಟಿಗಳನ್ನು ಕತ್ತರಿಸುವುದು ಅವಳ ಕೆಲಸವೂ ಹೌದು, ಆದ್ದರಿಂದ ಬೇರೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು. “ಮೊದಲ ವರ್ಷ ತಪ್ಪಾಯ್ತು, ಸರಿ. ಎರಡನೇ ವರ್ಷ ಹೊಸ ಬಟ್ಟೆ ಬಂದಿರತ್ತಲ್ಲ. ಆಗ ಯಾಕೆ ಸರಿ ಮಾಡಲಿಲ್ಲ?”

ಟೈಲರಕ್ಕ ಕೊರಳಿನ ಟೇಪನ್ನು ತೆಗೆದು ಕೈಗೆ ಸುತ್ತಿಕೊಂಡರು, ಬಿಚ್ಚಿದರು. ಎರಡನೇ ವರ್ಷ ಬಟ್ಟೆ ಧಾರಾಳವಾಗಿ ಬಂದಿತ್ತು. ಸರಿಯಾಗಿ ನಾಲ್ಕು ಇಂಚಿಗೆ ಕತ್ತರಿಸಿ ಏಳು ಕಟ್ಟು ಮಾಡಿಟ್ಟಿದ್ದರು. ಅಣ್ಣ ಹೋಗಿ ಹನ್ನೆರಡು ದಿನವಾಗಿತ್ತು. ಎಡಗಡೆಯ ಕಟ್ಟು ಕೈಗೆ ಬಂದಾಗ ಮತ್ತೆ ಕತ್ತರಿ ತೆಗೆದುಕೊಂಡು ಆ ಹದಿನೈದೂ ಪಟ್ಟಿಗಳಿಂದ ಒಂದೊಂದು ಇಂಚು ಕತ್ತರಿಸಿ ತೆಗೆದಿದ್ದರು. ಯಾರೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

“ಸರಿ ಮಾಡಿದ್ರೆ, ಅವನು ಹಾಕ್ಕೊಂಡಿದ್ದೊಂದೇ ತಪ್ಪಾಗಿ ಉಳೀತಿತ್ತು,” ಎಂದರು.

ಕ್ಯಾಮೆರಾ ನಿಂತ ಮೇಲೆ ಕಾರ್ಯದರ್ಶಿ ಕೆಟ್ಟಿತು ಕೆಲಸ ಎಂದು ಗೊಣಗುತ್ತ ಹೊರಟರು. ವಿನ್ಯಾಸಕಿ ಮಾತ್ರ ಗೋಡೆಗೆ ನೇತುಹಾಕಿದ್ದ ಹಳೆಯ ಜರ್ಸಿಯೊಂದನ್ನು ಇಳಿಸಿ, ಪಟ್ಟಿಗಳನ್ನು ಅಳೆದು ಬರೆದುಕೊಂಡಳು. ಫೋಟೋವಿನ ಚಿತ್ರವನ್ನೂ ತೆಗೆದುಕೊಂಡಳು. ಭರವಸೆ ಏನನ್ನೂ ಕೊಡಲಿಲ್ಲ. ಹೋಗುವಾಗ ಹಣೆ ಬಡಿಸಿಕೊಂಡಳು.

ಭಾನುವಾರದ ಪಂದ್ಯದಲ್ಲಿ ಎರಡು ಸಲ ಸುಣ್ಣದ ಪುಡಿ ಬಿತ್ತು. ಮುಂದಿನ ಬುಧವಾರ ಕಂಪನಿಯ ಸಭೆ ನಡೆಯಿತು. ಅಲ್ಲಿ ನಡೆದದ್ದನ್ನು ಮರುದಿನ ಕಾರ್ಯದರ್ಶಿಯೇ ಬಂದು ವಿವರಿಸಿದರು. ವಿನ್ಯಾಸಕಿ ಐದು ನಿಮಿಷದ ಆ ವಿಡಿಯೊವನ್ನು ಏನೂ ಕತ್ತರಿಸದೆ ತೋರಿಸಿದಳಂತೆ. ಮುಗಿದ ಮೇಲೆ ಒಬ್ಬರು, ಹಾಗಾದರೆ ಕರಪತ್ರದಲ್ಲಿರುವುದು ಸುಳ್ಳೇ ಎಂದರಂತೆ. ಹೌದು, ನಿಜವಾದದ್ದನ್ನು ಅಚ್ಚು ಹಾಕಿಸೋಣ, ಎಂದಳಂತೆ. ಇನ್ನೊಬ್ಬರು ಫೋಟೋದ ತುದಿಯಲ್ಲಿ ನಗುತ್ತಿರುವವನು ಆಮೇಲೆ ಎಷ್ಟು ಗೋಲು ಹೊಡೆದ ಎಂದು ಕೇಳಿದರಂತೆ. ಪಟ್ಟಿ ಇರಲಿ ಎಂದು ತೀರ್ಮಾನವಾಯಿತು. ಕಥೆ ಮಾತ್ರ ಬದಲಾಗಬೇಕು.

ಎರಡು ವಾರದ ನಂತರ ಹೊಸ ಜರ್ಸಿಯ ಮಾದರಿ ಡಬ್ಬಿಯಲ್ಲಿ ಬಂತು. ಟೈಲರಕ್ಕ ಅದನ್ನು ಮೇಜಿನ ಮೇಲೆ ಹರಡಿ, ಎಡಗಡೆಯ ಬಿಳಿ ಪಟ್ಟಿಯ ಮೇಲೆ ಟೇಪು ಇಟ್ಟರು. ಎರಡೂಕಾಲು ಇಂಚಿತ್ತು. ಹೆಚ್ಚಿದ್ದ ಕಾಲು ಇಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡಬ್ಬಿಗೆ ತುಂಬಿ ವಾಪಸು ಕಳಿಸಿದರು. ಎರಡನೇ ಮಾದರಿ ಬರುವ ಗುರುವಾರ ಬರುತ್ತದೆ.