ಸಾಹೇಬರ ಚಳಿಗಾಲ, ನನ್ನ ಚಳಿ

ಕತಾರಿನಲ್ಲಿ ಚಳಿಯಿದೆ. ಈ ಮಾತನ್ನು ಊರಿನಲ್ಲಿ ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ಮರಳುಗಾಡಿನಲ್ಲಿ ಎಂಥ ಚಳಿ ಎಂದು ನಗಲಿ, ನನಗೇನು. ತೊಂಬತ್ತರ ದಶಕದಲ್ಲಿ ದೋಹಾದ ಜನವರಿಗಳನ್ನು ಹಲ್ಲು ಕಟಕಟಿಸುತ್ತ ಕಳೆದವಳು ನಾನು, ನಕ್ಕವರಲ್ಲ. ಊರಿನವರ ನಗುವನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ನಮ್ಮ ಆಫೀಸಿನ ಸಾಹೇಬರ ನಗುವನ್ನು.

ಅದು ಪೈಪು, ವಾಲ್ವು ಮಾರುವ ಕಂಪೆನಿ. ನಾನು ಅಲ್ಲಿ ಸೆಕ್ರೆಟರಿ. ಸಾಹೇಬರು ಇಂಗ್ಲೆಂಡಿನ ಉತ್ತರ ಭಾಗದವರು. ಕೆಟ್ಟವರಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ. ಆದರೆ ಡಿಸೆಂಬರ್ ಬಂತೆಂದರೆ ಅವರ ಬಾಯಲ್ಲಿ ಒಂದೇ ಮಾತು, ಅವರ ದೇಶದ ಚಳಿಗಾಲ. ಶುಕ್ರವಾರದ ರಜೆಯಲ್ಲಿ ತಾಯಿಗೆ ಫೋನು ಮಾಡಿ, ಶನಿವಾರ ಬೆಳಿಗ್ಗೆ ಚಹಾದ ಹೊತ್ತಿಗೆ ನಮ್ಮ ನಡುವೆ ಬಂದು ನಿಂತು ವರದಿ ಒಪ್ಪಿಸುತ್ತಿದ್ದರು. ಈ ಸಲದ್ದು ಹೋದ ವರ್ಷಕ್ಕಿಂತ ಜೋರಂತೆ, ಆದರೆ ತನ್ನ ಮದುವೆಯಾದ ವರ್ಷದ ಹತ್ತಿರಕ್ಕೂ ಬರುವುದಿಲ್ಲವಂತೆ. ಆ ವರ್ಷ ಕಾರು ಹಿಮದಲ್ಲಿ ಹೂತುಹೋಗಿ ಮದುಮಗಳು ನಡೆದೇ ಮನೆ ಸೇರಿದ್ದಳಂತೆ. ಅದೂ ಕೂಡ ತಾನು ಏಳು ವರ್ಷದವನಿದ್ದಾಗಿನ ಚಳಿಯೆದುರು ಏನೂ ಅಲ್ಲವಂತೆ. ಆಗ ಬಾಗಿಲಲ್ಲಿಟ್ಟ ಹಾಲು ಬಾಟಲಿಯಲ್ಲೇ ಗಟ್ಟಿಯಾಗಿ ಮುಚ್ಚಳವನ್ನು ಮೇಲಕ್ಕೆತ್ತುತ್ತಿತ್ತು, ಹಗ್ಗದ ಮೇಲಿನ ಪ್ಯಾಂಟುಗಳು ಹಲಗೆಯ ಹಾಗೆ ಸೆಟೆದು ನಿಲ್ಲುತ್ತಿದ್ದವು, ಮಕ್ಕಳು ಕೆರೆಯ ಮೇಲೆ ನಡೆದುಕೊಂಡೇ ಶಾಲೆಗೆ ಹೋಗುತ್ತಿದ್ದರು. ಪ್ರತಿ ವರ್ಷದ ಚಳಿಯೂ ಬಂದು ಆ ಒಂದು ಚಳಿಯ ಮುಂದೆ ಸೋತು ಹೋಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆಯೆಂದು ಕೇಳಿ ಸುಮ್ಮನಿರಬಹುದಿತ್ತು. ಕೊನೆಗೆ ನಮ್ಮ ಕಡೆ ತಿರುಗಿ, "ನೀವು ಚಳಿ ಅನ್ನುತ್ತೀರಲ್ಲ, ಇದು ನಮಗೆ ಬೇಸಿಗೆ" ಎಂದು ನಕ್ಕು, ಅರ್ಧ ತೋಳಿನ ಅಂಗಿಯಲ್ಲಿ ಹೋಗಿ ಏಸಿಯ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಿದ್ದರು. ಜನವರಿಯಲ್ಲೂ ಏಸಿ. ಗುಂಡಿ ಇದ್ದದ್ದು ಅವರ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ. ಅದನ್ನು ಅವರ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಗಾಳಿ ಬೀಸುವ ಕಿಂಡಿ ಇದ್ದದ್ದು ಸರಿಯಾಗಿ ನನ್ನ ನೆತ್ತಿಯ ಮೇಲೆ. ನನಗೆ ಚಳಿಯಾಗುತ್ತದೆ ಎಂದು ಎರಡು ವರ್ಷ ಹೇಳಿ ನೋಡಿದೆ. ಹೇಳಿದಾಗಲೆಲ್ಲ ಗಟ್ಟಿಯಾದ ಹಾಲಿನ ಕಥೆ ಮೊದಲಿನಿಂದ ಶುರುವಾಗುತ್ತಿತ್ತು. ಉಳಿದವರೆಲ್ಲ "ಯೆಸ್ ಸರ್" ಎಂದು ಚಹಾ ಕುಡಿದು ಮುಗಿಸುತ್ತಿದ್ದರು. ಸ್ಟೋರು ನೋಡಿಕೊಳ್ಳುತ್ತಿದ್ದ ಉಳ್ಳಾಲದ ಬ್ಯಾರಿಯೊಬ್ಬರಿದ್ದರು, ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಅವರೊಬ್ಬರು ಮಾತ್ರ ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಕರೆದು, "ಬಿಡಿ ಬಾಯಮ್ಮ, ಖಲಾಸ್. ಅವರ ಹತ್ರ ಹೇಳಿ ಎಂತ ಪ್ರಯೋಜನ" ಎನ್ನುತ್ತಿದ್ದರು. ನನಗೆ ಬಿಡುವ ಮನಸ್ಸಿರಲಿಲ್ಲ. ನನ್ನ ಮೈಗೆ ಚಳಿಯಾಗುತ್ತದೋ ಇಲ್ಲವೋ ಎಂದು ಹೇಳಲು ಇನ್ನೊಬ್ಬರ ಬಾಲ್ಯ ಯಾಕೆ ಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹಾಗೆಂದು ನಾವು ಚಳಿಗೆ ತಯಾರಾಗಿ ಬಂದವರೂ ಅಲ್ಲ. ಕರಾವಳಿಯವರಿಗೆ ಗಲ್ಫ್ ಎಂದರೆ ಸೆಕೆ. ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಾವಿದ್ದ ಕಟ್ಟಡದ ಪ್ರತಿ ಮನೆಯವರೂ ರಜೆಗೆ ಹೋಗುವಾಗ ಸೂಕಿನಿಂದ, ಅಂದರೆ ಅಲ್ಲಿನ ಪೇಟೆಯಿಂದ, ಹುಲಿಯ ಚಿತ್ರದ ದಪ್ಪ ಕಂಬಳಿ ಕೊಂಡು ಊರಿಗೆ ಹೊರುತ್ತಿದ್ದರು, ಅದೂ ಕೂತಲ್ಲೇ ಬೆವರುವ ಉಡುಪಿ, ಮಂಗಳೂರಿಗೆ. ಅಲ್ಲಿ ಅವು ಪ್ಲಾಸ್ಟಿಕ್ ಚೀಲ ಬಿಚ್ಚದೆ ಕಪಾಟು ಸೇರುತ್ತಿದ್ದವು. ಇಲ್ಲಿ ಉತ್ತರದ ಗಾಳಿ ಬೀಸಲು ಶುರುವಾದರೆ ನಾವು ತೆಳು ಚಾದರದಡಿ ಮುದುಡಿಕೊಂಡು ಮಲಗುತ್ತಿದ್ದೆವು. ನಮಗೂ ಒಂದು ಕಂಬಳಿ ಇರಲಿ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ನನ್ನ ಎರಡನೆಯ ಹೆರಿಗೆ ಕ್ರಿಸ್ಮಸ್ ಕಳೆದ ಬೆನ್ನಿಗೇ ಆಯಿತು. ಮೊದಲನೆಯದಕ್ಕೆ ನಾನು ತವರಿಗೆ ಹೋಗಿದ್ದೆ. ಈ ಸಲ ಬಾಣಂತನಕ್ಕೆ ಅಮ್ಮನೇ ಬಂದಳು. ಮನೆಯಲ್ಲಿ ನಮ್ಮದು ಕೊಂಕಣಿ, ಆದರೆ ಅಮ್ಮನ ಮಾತನ್ನು ಇಲ್ಲಿ ಅವಳು ನೆರೆಮನೆಯವರ ಜೊತೆ ಆಡುವ ಕನ್ನಡದಲ್ಲೇ ಬರೆಯುತ್ತೇನೆ. ಅವಳ ಪೆಟ್ಟಿಗೆಯಲ್ಲಿ ಕಾಳುಮೆಣಸು, ಒಣಶುಂಠಿ, ಓಮ, ತೆಂಗಿನೆಣ್ಣೆಯ ಜೊತೆಗೆ ನಾವೇ ಹಿಂದೆ ಕಳಿಸಿದ್ದ ಹುಲಿ ಕಂಬಳಿಯೂ ಇತ್ತು, ಇನ್ನೂ ಚೀಲದೊಳಗೇ. "ನೀನು ಫೋನಿನಲ್ಲಿ ಚಳಿ ಚಳಿ ಅಂತಿದ್ದಿಯಲ್ಲ, ಅದಕ್ಕೆ ತಂದೆ" ಎಂದಳು. ಊರಿನಲ್ಲಿ ನನ್ನ ಮಾತು ನಂಬಿದ್ದವಳು ಅವಳೊಬ್ಬಳೇ ಎಂದು ಆ ಹೊತ್ತು ಗೊತ್ತಾಗಿ ನನಗೆ ಅಳು ಬಂತು.

ಬಾಣಂತಿಗೆ ಗಾಳಿ ತಾಗಬಾರದು ಎಂಬುದು ನಮ್ಮ ಕಡೆಯ ಮೊದಲನೆಯ ಕಟ್ಟಳೆ. ನಲವತ್ತು ದಿನ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈಗೆ ಸುಡುವ ನೀರು. ಒಮ್ಮೆ ಗಾಳಿ ಒಳಹೊಕ್ಕರೆ ಮುದುಕಿಯಾಗುವವರೆಗೆ ಬಿಡುವುದಿಲ್ಲ ಎನ್ನುತ್ತಾರೆ. ಅಮ್ಮ ಬಂದ ದಿನವೇ ಮನೆಯನ್ನು ವಶಕ್ಕೆ ತೆಗೆದುಕೊಂಡಳು. ಕಿಟಕಿಗೆ ಕೂರಿಸಿದ್ದ ಏಸಿಯ ಸುತ್ತಲಿನ ಸಂದುಗಳಿಗೆ ಹಳೆ ಲುಂಗಿ ತುರುಕಿದಳು. ಕಾಕ ತಂದುಕೊಟ್ಟ ಇದ್ದಿಲಿನಲ್ಲಿ ಕೆಂಡ ಮಾಡಿ, ಅರಬರು ಧೂಪ ಹಾಕುವ ಪುಟ್ಟ ಒಲೆಯಲ್ಲಿಟ್ಟು, ಮಗುವಿನ ಬಟ್ಟೆ ಕಾಯಿಸಿದಳು. ಬೆಳಿಗ್ಗೆ ಅಡಿಗೆಮನೆಯಲ್ಲಿ ಎಣ್ಣೆಯ ಬಾಟಲಿ ಹಿಡಿದು ನೋಡಿ, "ಊರಲ್ಲಿ ಧನುರ್ಮಾಸದಲ್ಲಿ ಸಹ ಹೀಗೆ ಕಲ್ಲಾಗುದಿಲ್ಲ" ಎಂದಳು. ನಮ್ಮ ಕಡೆ ಚಳಿ ಎಷ್ಟೆಂದು ತಿಳಿಯಲು ತೆಂಗಿನೆಣ್ಣೆ ಸಾಕು. ಬಾಟಲಿಯ ಬಾಯಲ್ಲಿ ಬಿಳಿ ಕಟ್ಟಿದರೆ ಒಂದು ಚಾದರ, ಪೂರ್ತಿ ಹೆಪ್ಪುಗಟ್ಟಿದರೆ ಎರಡು.

ಆದರೆ ಕಂಪೆನಿಯ ರಜೆಗೆ ನಲವತ್ತು ದಿನದ ಲೆಕ್ಕ ಗೊತ್ತಿರಲಿಲ್ಲ. ರಜೆ ಮುಗಿಯುತ್ತ ಬಂದಿತ್ತು, ಹಸಿ ಮೈಯಲ್ಲಿ ನಾನು ಹೋಗಿ ಆ ಕಿಂಡಿಯ ಕೆಳಗೆ ಕೂರಬೇಕಿತ್ತು. ಕೆಲಸ ಬಿಡುವ ಹಾಗಿರಲಿಲ್ಲ, ಬಿಡುವ ಇಷ್ಟವೂ ನನಗಿರಲಿಲ್ಲ. ನನಗೆ ಬೇಕಿದ್ದದ್ದು ಆ ಗಾಳಿ ನಿಲ್ಲುವುದು, ಅಷ್ಟೇ.

ಅಷ್ಟರಲ್ಲಿ ಸಾಹೇಬರೇ ಮಗುವನ್ನು ನೋಡಲು ಮನೆಗೆ ಬಂದರು, ಕೈಯಲ್ಲಿ ಹೂವು, ಒಂದು ಆಟಿಕೆ ಕರಡಿ. ನನ್ನ ಗಂಡ ಇದ್ದ ಒಂದೇ ಒಳ್ಳೆಯ ಕುರ್ಚಿ ಕೊಟ್ಟು ಕೂರಿಸಿದರು. ಇದೇ ಸಮಯ ಎಂದು ನಾನು ಕೇಳಿದೆ. ಮುಂದಿನ ವಾರ ಬರುತ್ತೇನೆ, ಹೆರಿಗೆಯಾದ ಮೈಗೆ ತಣ್ಣನೆಯ ಗಾಳಿ ಆಗಿಬರುವುದಿಲ್ಲ, ಬೇಸಿಗೆಯವರೆಗೆ ಏಸಿ ಬೇಡ ಎಂದೆ. ಅವರು ಕೆಂಡದ ಕಡೆ, ನನ್ನ ಕಿವಿಯ ಹತ್ತಿಯ ಕಡೆ ನೋಡಿ ನಕ್ಕುಬಿಟ್ಟರು. "ಇದು ಚಳಿಯೇ ಅಲ್ಲ" ಎಂದು ಶುರು ಮಾಡಿದವರು, ಹೋದ ವರ್ಷ, ಮದುವೆಯ ವರ್ಷ ಎಲ್ಲ ದಾಟಿ ಏಳನೆಯ ವಯಸ್ಸಿಗೆ ತಲುಪಿದರು.

"ಎಂತ ಹೇಳ್ತಾರೆ ಇವರು?" ಅಮ್ಮ ಕೇಳಿದಳು. ನಾನು ಹೇಳಿದೆ. ಹಾಲು ಗಟ್ಟಿಯಾದ ಭಾಗ ಬಂದಾಗ ಅವಳು ಎದ್ದುಹೋಗಿ ಎಣ್ಣೆಯ ಬಾಟಲಿ ತಂದು, ಮುಚ್ಚಳ ತೆಗೆದು, ಅವರ ಮುಂದೆ ತಲೆಕೆಳಗೆ ಹಿಡಿದಳು. ಒಂದು ಹನಿ ಬೀಳಲಿಲ್ಲ. ಸಾಹೇಬರು ಇದು ಯಾವ ಆಚಾರವೋ ಎಂಬಂತೆ ವಿನಯದಿಂದ ನೋಡಿದರು. ಅಮ್ಮ ಬಾಟಲಿ ಬದಿಗಿಟ್ಟು ನೆಲದ ಮೇಲೆ ಕೂತಳು.

"ಅಷ್ಟು ಚಳಿಗೆ ಮನೆಯಲ್ಲಿ ಬೆಂಕಿ ಇತ್ತಾ ಕೇಳು."

ಇತ್ತು, ಎಂದರು ಸಾಹೇಬರು. ಕಲ್ಲಿದ್ದಲ ಬೆಂಕಿ. ತಾನು ಏಳುವಷ್ಟರಲ್ಲಿ ಉರಿಯುತ್ತಿರುತ್ತಿತ್ತು. ಅದರ ಮುಂದೆಯೇ ಕೂತು ಬಟ್ಟೆ ಹಾಕಿಕೊಳ್ಳುವುದು.

"ಬೆಂಕಿ ಹಾಕುದು ಯಾರು?"

ತಾಯಿ. ಎಲ್ಲರಿಗಿಂತ ಮೊದಲು ಎದ್ದು, ಹಿತ್ತಿಲ ಶೆಡ್ಡಿನಿಂದ ಕಲ್ಲಿದ್ದಲು ತಂದು.

"ಆಗ ಅವರ ಕೈಯಲ್ಲಿ ಚಿಕ್ಕ ಮಗು ಉಂಟಾ?"

ಸಾಹೇಬರು ಸ್ವಲ್ಪ ಯೋಚಿಸಿದರು. ತಂಗಿ ಹುಟ್ಟಿದ್ದು ಆ ಚಳಿಗಾಲದಲ್ಲೇ, ಎಂದರು, ತನಗೇ ಈಗ ನೆನಪಾದಂತೆ.

ಅಮ್ಮ ತಲೆಯಾಡಿಸಿದಳು. "ಹಾಗಾದ್ರೆ ಅವರಿಗೆ ಹೇಳು ಮಗಳೇ. ಆ ಚಳಿ ಇವರದ್ದಲ್ಲ. ಇವರು ಬೆಂಕಿ ಎದುರು ಕೂತವರು. ಚಳಿ ತಿಂದದ್ದು ಆ ಬಾಣಂತಿ. ಅದನ್ನು ಹಿಡ್ಕೊಂಡು ಇನ್ನೊಬ್ಬ ಬಾಣಂತಿ ಹತ್ರ ಇವರು ಜಂಬ ಮಾಡ್ಬಾರ್ದು."

ಅಮ್ಮ ಹೇಳಿದ್ದೇನು ಎಂಬಂತೆ ಸಾಹೇಬರು ನನ್ನ ಮುಖ ನೋಡಿದರು. ನನ್ನ ಗಂಡ ಕೆಮ್ಮಿ, "ಅದೆಲ್ಲ ಬೇಡ ಮಾರಾಯ್ತಿ, ಎಂತದಾದ್ರೂ ಒಳ್ಳೇದು ಹೇಳು" ಎಂದರು. ಕೆಲಸದ ಚಿಂತೆ ಅವರಿಗಿತ್ತು, ನನಗೂ ಇತ್ತು. ಆದರೆ ಎರಡು ವರ್ಷದಿಂದ ನನ್ನ ನಾಲಗೆಗೆ ಸಿಗದಿದ್ದ ಮಾತು ಅಮ್ಮನ ಬಾಯಿಂದ ಬಂದಿತ್ತು. ಅದನ್ನು ಮೃದು ಮಾಡಿ ಹಾಳುಮಾಡಲು ನಾನು ತಯಾರಿರಲಿಲ್ಲ. ಒಂದು ಶಬ್ದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಜಂಬವನ್ನೂ ಸೇರಿಸಿ. ಅವರ ಮುಖ ಕೆಂಪಾಯಿತು. ಚಹಾ ಅರ್ಧಕ್ಕೇ ಬಿಟ್ಟು, ಮಗುವಿನ ಕೆನ್ನೆ ಮುಟ್ಟಿ ಹೊರಟುಹೋದರು. ಏಸಿಯ ಬಗ್ಗೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬಾಗಿಲು ಹಾಕಿದ ಮೇಲೆ ಗಂಡ ತಲೆಯ ಮೇಲೆ ಕೈಹೊತ್ತು ಕೂತರು. ಅಮ್ಮ ಆ ಉಳಿದ ಚಹಾ ಬಿಸಿ ಮಾಡಿ ಅವರಿಗೇ ಕೊಟ್ಟಳು.

ಶನಿವಾರ ನಾನು ಆಫೀಸಿಗೆ ಹೋದೆ, ತಲೆಗೆ ಉಣ್ಣೆಯ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಗಂಡನ ಎರಡು ಜೊತೆ ಕಾಲುಚೀಲ. ನೋಡಿದವರು ನೋಡಲಿ. ಕಿಂಡಿಯಿಂದ ಗಾಳಿ ಎಂದಿನ ಹಾಗೆಯೇ ಸುರಿಯುತ್ತಿತ್ತು. ಕೂತೆ, ಮೇಜು ಒರೆಸಿದೆ. ಕತ್ತಿನ ಹಿಂದೆ ತಣ್ಣಗೆ ಇಳಿಯಿತು, ಬೆನ್ನಿಗಿಳಿಯಿತು, ಸೊಂಟಕ್ಕಿಳಿದಾಗ ಎದ್ದೆ. ಸೀದಾ ಗೋಡೆಯ ಹತ್ತಿರ ಹೋದೆ. ಕಾಕ ಎದುರಿಗೆ ಬಂದು, "ಬೇಡ ಬಾಯಮ್ಮ, ನಾನು ಬೇಕಾದ್ರೆ ಒಮ್ಮೆ ಅವರ ಹತ್ರ ಹೇಳ್ತೇನೆ" ಎಂದರು. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ನಾನು ಗುಂಡಿ ತಿರುಗಿಸಿ ಏಸಿ ಆರಿಸಿದೆ. ವರ್ಷಗಳಿಂದ ತಲೆಯ ಮೇಲಿದ್ದ ಆ ಗುಂಯ್‌ಗುಡುವ ಸದ್ದು ನಿಂತು, ಇಡೀ ಆಫೀಸಿನಲ್ಲಿ ಟೈಪು ಮಾಡುತ್ತಿದ್ದವರ ಕೈಯೂ ನಿಂತಿತು.

ಸದ್ದು ನಿಂತದ್ದಕ್ಕೇ ಸಾಹೇಬರು ಹೊರಗೆ ಬಂದರು. ನಾನು ಅಲ್ಲೇ ನಿಂತಿದ್ದೆ, ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಅವರು ಏನೋ ಹೇಳಿದರು. ಕೇಳಿಸಲಿಲ್ಲ. ಒಂದು ಕಿವಿಯ ಹತ್ತಿ ತೆಗೆದೆ.

"ನಿನ್ನೆ ಅಮ್ಮನಿಗೆ ಫೋನು ಮಾಡಿದ್ದೆ" ಎಂದರು. ದನಿ ಸಣ್ಣದಾಗಿತ್ತು. "ಆ ವರ್ಷ ನಿನಗೆ ತುಂಬ ಚಳಿಯಾಗಿತ್ತಾ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಇದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ ಎಂದಳು."

ಅಷ್ಟು ಹೇಳಿ ಅವರು ಗುಂಡಿಯ ಕಡೆ ನೋಡಿದರು. ನನಗೆ ಅವರ ಮೇಲೆ ಕನಿಕರ ಬಂತು, ಕಾಣದ ಆ ತಾಯಿಯ ಮೇಲೆ ಇನ್ನೂ ಹೆಚ್ಚು ಬಂತು. ಆದರೆ ಕನಿಕರಕ್ಕೆ ಮರುಳಾಗಿ ನನ್ನ ಮಾತು ಮರೆಯಲಿಲ್ಲ.

"ನನ್ನ ಹತ್ತಿರವೂ ನೀವು ಕೇಳಿಲ್ಲ ಸರ್" ಎಂದೆ. ಅವರು ಕೇಳುವವರೆಗೆ ಗುಂಡಿಯ ಮುಂದಿನಿಂದ ಸರಿಯಲಿಲ್ಲ.