ಅಲಮೇಲುವಿನ ಬೂದು ಕಾರು ಮತ್ತು ಹದಿನೈದು ದಿನದ ಗ್ಯಾರಂಟಿ

ಅಮೆರಿಕದ ರಾಲಿ ಊರಿನ ಕನ್ನಡದ ಮನೆಗಳಲ್ಲಿ ಬಸುರಿ ಹೆಂಗಸರು ಡಾಕ್ಟರ ಬಳಿ ದಿನ ಗೊತ್ತುಮಾಡುವ ಮೊದಲು ಅಲಮೇಲುವಿಗೆ ಫೋನು ಮಾಡುತ್ತಿದ್ದರು. ಮೈಸೂರಿನಲ್ಲಿ ಸೈಕಲ್ಲನ್ನೂ ಮುಟ್ಟದಿದ್ದ ಅವಳು ನಲವತ್ತೇಳನೆಯ ವಯಸ್ಸಿನಲ್ಲಿ, ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಲೈಸೆನ್ಸು ಗಿಟ್ಟಿಸಿದ್ದಳು. ಅಂದಿನಿಂದ ಐದು ವರ್ಷ, ಗಂಡ ಆಫೀಸಿಗೆ ಹೋದಮೇಲೆ ಮನೆಯೊಳಗೇ ಉಳಿಯುವ ಹುಡುಗಿಯರಿಗೆಲ್ಲ ಅವಳ ಬೂದು ಬಣ್ಣದ ಹಳೇ ಕಾರೇ ಗತಿ. ಆಳು ಐದಡಿಗೆ ಎರಡಂಗುಲ ಕಡಿಮೆ, ಧೈರ್ಯ ಮಾತ್ರ ಆರಡಿ.

ಗಂಡ ತ್ಯಾಗರಾಜ ಒಳ್ಳೆಯವನೇ, ಆದರೆ ಜಾಹೀರಾತು ಕಂಡರೆ ಕರಗಿಹೋಗುತ್ತಿದ್ದ. ೧೯೯೬ರ ಬೇಸಿಗೆಯಲ್ಲಿ ಅಲಮೇಲು ಗೆಳತಿಯ ಜೊತೆ ಅಟ್ಲಾಂಟಾದ ಮದುವೆಗೆ ಹೋಗಿದ್ದಾಗ, ಬೂದು ಕಾರನ್ನು ಷೋರೂಮಿಗೆ ಒಪ್ಪಿಸಿ ದೊಡ್ಡದೊಂದು ಹೊಸ ವ್ಯಾನು ತಂದ. ಅರಿಸಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆಯನ್ನೂ ಮುಗಿಸಿ, ಹೆಂಡತಿ ವಾಪಸ್ ಬಂದೊಡನೆ ತೋರಿಸಿದ.

"ಹೋಗೋದೇನಿದೆ ಅಲಮೇಲು? ಹದಿನೈದು ದಿನದ ಗ್ಯಾರಂಟಿ. ಇಷ್ಟ ಆಗ್ಲಿಲ್ವಾ, ರಿಟರ್ನ್ ಮಾಡೋದು ಅಷ್ಟೇ!"

ಅಲಮೇಲು ಹತ್ತಿ ಕೂತಳು. ಎರಡು ದಿಂಬು ಹಾಕಿದರೆ ರಸ್ತೆ ಕಾಣುತ್ತಿತ್ತು, ಬ್ರೇಕು ಎಟುಕುತ್ತಿರಲಿಲ್ಲ. ದಿಂಬು ತೆಗೆದರೆ ಬ್ರೇಕು ಎಟುಕುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಗುರುವಾರ ಹತ್ತು ಗಂಟೆಗೆ ತುಂಬಿದ ಬಸುರಿ ಸಿದ್ದೇಶ್ವರಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದಳು.

"ರೀ, ಇದನ್ನ ಅವರು ವಾಪಸ್ ತಗೋತಾರೆ, ಸರಿ. ನನ್ನ ಕಾರನ್ನ ವಾಪಸ್ ಕೊಡ್ತಾರಾ?"

ತ್ಯಾಗರಾಜ ಷೋರೂಮಿನ ಕಾಗದಗಳನ್ನು ಹುಡುಕತೊಡಗಿದ.

ಬುಧವಾರ ಬೆಳಿಗ್ಗೆ ಇಬ್ಬರೂ ಷೋರೂಮಿಗೆ ಹೋದರು. ವ್ಯಾನನ್ನು ನಗುನಗುತ್ತಲೇ ವಾಪಸ್ ತೆಗೆದುಕೊಂಡ ಮ್ಯಾನೇಜರು ಒಂದು ಪಟ್ಟಿ ಮುಂದಿಟ್ಟ. ಕಟ್ಟಿದ ತೆರಿಗೆ ಬರುವುದಿಲ್ಲ, ಓಡಿಸಿದ ಮೈಲಿಗೆ ಇಷ್ಟು, ಸೀಟಿನ ಮೇಲೆ ಬಿದ್ದ ಕುಂಕುಮ ತೊಳೆಸಲು ಇಷ್ಟು. ಎಲ್ಲ ಸೇರಿ ಎಂಟುನೂರು ಡಾಲರು. ತ್ಯಾಗರಾಜನದು ಕೋಲು ಕೊಟ್ಟು ಹೊಡೆಸಿಕೊಂಡ ಕತೆ. ಇನ್ನು ಬೂದು ಕಾರು? ಅದು ಹಿಂದಿನ ಅಂಗಳದಲ್ಲಿತ್ತು. ಅವರು ಒಂಬೈನೂರು ಡಾಲರಿಗೆ ಹಿಡಿದುಕೊಂಡಿದ್ದ ಅದರ ಗಾಜಿಗೆ ಸಾವಿರದ ಒಂಬೈನೂರರ ಚೀಟಿ ಅಂಟಿತ್ತು. ಬೇಕಿದ್ದರೆ ಆ ಬೆಲೆಗೆ ಕೊಳ್ಳಿ, ಎಂದ ಮ್ಯಾನೇಜರು.

ಅಲಮೇಲುವಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಜಗಳವಾಡಲಿಲ್ಲ. ಹಳೇ ಕಾರು ಕೊಳ್ಳಲು ಬಂದಿದ್ದ ಯಾರೋ ಗಂಡ ಹೆಂಡತಿ ಅವಳ ಕಾರಿನ ಸುತ್ತ ಸುತ್ತುತ್ತಿದ್ದರು. ಅಲ್ಲಿಗೆ ಹೋಗಿ ತನ್ನ ಮೈಸೂರು ಇಂಗ್ಲಿಷಿನಲ್ಲಿ, ನಾನೇ ಇದರ ಹಳೇ ಯಜಮಾನಿ ಎಂದು ಪರಿಚಯ ಹೇಳಿಕೊಂಡಳು. ಹಿಂದಿನ ಕಿಟಕಿ ಇಳಿಯುವುದಿಲ್ಲ. ಚಳಿಗಾಲದಲ್ಲಿ ಮೂರನೆಯ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಒಂದೂ ಸುಳ್ಳಲ್ಲ. ಅವರು ಥ್ಯಾಂಕ್ಸ್ ಹೇಳಿ ಹೊರಟರು. ಆಮೇಲೆ ಬಂದ ಮುದುಕನಿಗೂ ಅದೇ ಪುರಾಣವಾಯಿತು.

ಮ್ಯಾನೇಜರು ಓಡಿಬಂದ.

"ರೀ, ನಾನು ಸಾಯಂಕಾಲದವರೆಗೂ ಇಲ್ಲೇ ಇರ್ತೀನಿ ಅಂತ ಹೇಳಿ ಅವನಿಗೆ," ಎಂದಳು ಅಲಮೇಲು. "ಮೊಸರನ್ನ ತಂದಿದೀನಿ."

ಮೊಸರನ್ನದ ಡಬ್ಬಿ ತೆರೆಯುವ ಮೊದಲೇ ಚೀಟಿ ಕಿತ್ತುಬಂತು. ಒಂಬೈನೂರಕ್ಕೇ ಕಾರು ಮನೆಗೆ ಬಂತು.

ಗುರುವಾರ ಹತ್ತಕ್ಕೆ ಐದು ನಿಮಿಷ ಮುಂಚೆ ಬೂದು ಕಾರು ಆಸ್ಪತ್ರೆಯ ಮುಂದೆ ನಿಂತಿತು. ಸಿದ್ದೇಶ್ವರಿ ವಿಜಾಪುರದ ಕಡೆಯ ಹುಡುಗಿ. ಬಾಗಿಲ ಹಿಡಿಯನ್ನು ಎಳೆದೆಳೆದು ಸೋತಳು.

"ಆಂಟಿ, ಈ ಬಾಗಲಾ ಒಂದು ರಿಪೇರಿ ಮಾಡಸ್ರಿ."

ಅಲಮೇಲು ಇಳಿದು, ಸುತ್ತಿ ಬಂದು, ಹೊರಗಿನಿಂದ ಬಾಗಿಲು ತೆರೆದಳು. ಐದು ವರ್ಷದಿಂದ ಎಲ್ಲ ಬಸುರಿಯರಿಗೂ ಹಾಗೇ ತೆರೆದಿದ್ದಳು.

"ರಿಪೇರಿ ಮಾಡ್ಸಿದ್ರೆ ನೀವೆಲ್ಲ ಒಬ್ಬೊಬ್ಬರೇ ಇಳಿದುಬಿಡ್ತೀರ ಕಣಮ್ಮ," ಎಂದು ಅವಳ ಕೈ ಹಿಡಿದುಕೊಂಡಳು. "ನಿಧಾನ. ಎಡಗಾಲು ಮೊದಲು."