ಕೋಲಿನ ತುದಿಯ ಕ್ಯಾಮೆರಾ, ಅರ್ಧ ಹೋಳಿಗೆ

ನಮ್ಮ ಮನೆಯ ಮಣ್ಣಿನ ಮಾಳಿಗೆ ಒಂದು ಕಡೆ ಸೋರತೊಡಗಿದೆ. ದೇವರ ಕೋಣೆಯ ಮೂಲೆಯಲ್ಲಿ ಗೋಡೆ ನೆನೆದು ಹಸಿ ಮಣ್ಣಿನ ವಾಸನೆ ಬರುತ್ತಿದೆ. ಹಸಿ ಮಣ್ಣಿನ ವಾಸನೆ ಬಂದರೆ ಕೆಲವರಿಗೆ ಹಾಡು ನೆನಪಾಗುತ್ತದಂತೆ. ನನಗೆ ಕೆಲಸ ನೆನಪಾಗುತ್ತದೆ. ಮೇಲೆ ಎಲ್ಲಿ ಹುಲ್ಲು ಬೆಳೆದಿದೆ, ಎಲ್ಲಿ ಮಣ್ಣು ಕುಸಿದಿದೆ ಎಂದು ನೋಡಬೇಕು. ನನ್ನ ಮೊಣಕಾಲುಗಳು ಏಣಿಯ ಸಂಗ ಬಿಟ್ಟು ಬಹಳ ಕಾಲವಾಯಿತು. ನಮ್ಮ ಮನೆಯವರಿಗೆ ಹೇಳಿದರೆ ಹತ್ತಿಬಿಡುತ್ತಾರೆ, ಆಮೇಲೆ ಇಳಿಸುವವರು ಯಾರು? ಹೀಗಾಗಿ ಮೂಲೆಯಲ್ಲಿ ನಿಂತಿದ್ದ ಕೋಲು ತೆಗೆದೆ.

ಇದು ದನ ಹೊಡೆಯುವ ಕೋಲಲ್ಲ. ಒಂದರೊಳಗೊಂದು ಸೇರುವ ಕೊಳವೆಗಳದು. ಒತ್ತಿದರೆ ನನ್ನ ಹೆಗಲಿಗೆ ಬರುತ್ತದೆ, ಎಳೆದರೆ ಮಾಳಿಗೆ ದಾಟಿ ಮೇಲೆ ಹೋಗುತ್ತದೆ. ತುದಿಯಲ್ಲಿ ಒಂದು ಸಣ್ಣ ಕ್ಯಾಮೆರಾ ಕೂರುತ್ತದೆ. ಕ್ಯಾಮೆರಾ ಆಕಾಶದಲ್ಲಿ, ನಾವು ನೆಲದಲ್ಲಿ, ಕೈಯಲ್ಲಿ ಫೋನು. ಅದು ಕಂಡದ್ದೆಲ್ಲ ಫೋನಿನಲ್ಲಿ ಕಾಣುತ್ತದೆ. ಬೆರಳು ಸರಿಸಿದರೆ ಅಲ್ಲಿ ಅದು ಕುತ್ತಿಗೆ ತಿರುಗಿಸುತ್ತದೆ. ಈ ಮನೆಯಲ್ಲಿ ನಾನು ಹೇಳಿದ ಕಡೆ ಕುತ್ತಿಗೆ ತಿರುಗಿಸುವುದು ಇದೊಂದೇ.

ಕೋಲು ಸೊಸೆ ಭಾಗ್ಯಶ್ರೀಯದು. ಈಗ ಅವಳ ಕೈಗಿಂತ ನನ್ನ ಕೈಯಲ್ಲೇ ಹೆಚ್ಚು ಇರುತ್ತದೆ, ಜೇಡರ ಬಲೆ ತೆಗೆಯುವುದಕ್ಕೆ.

“ಅತ್ತಿ, ಅದು ಕಸಬರಗಿ ಅಲ್ರಿ,” ಎನ್ನುತ್ತಾಳೆ.

“ಗೊತ್ತದವಾ. ಕಸಬರಗಿ ಇಷ್ಟು ಮ್ಯಾಲ ಹೋಗಲ್ಲ,” ಎನ್ನುತ್ತೇನೆ.

ಭಾಗ್ಯ ಶಹಾಬಾದದ ಹುಡುಗಿ. ಅವಳ ಸೋದರಮಾವನದೊಂದು ಫೋಟೋ ಅಂಗಡಿ ಇತ್ತು, ಅಲ್ಲೇ ಬೆಳೆದವಳು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳವರು ಕಲ್ಲಿನ ರಾಶಿಯನ್ನು ಮೇಲಿನಿಂದ ತೋರಿಸುವ ಫೋಟೋ ಕೇಳುತ್ತಿದ್ದರಂತೆ. ಅದಕ್ಕೆಂದು ಮಾವ ಕೊಂಡ ಕೋಲು ಇದು. ಅಂಗಡಿ ಮುಚ್ಚಿದಾಗ ಸೋದರಸೊಸೆಗೆ ಕೊಟ್ಟುಬಿಟ್ಟ. ಬೇರೆ ಸೊಸೆಯರು ತವರಿನಿಂದ ಟ್ರಂಕು ತರುತ್ತಾರೆ. ಇವಳು ಟ್ರಂಕಿನ ಜೊತೆ ಈ ಕೋಲನ್ನೂ ಹೊತ್ತುಕೊಂಡು ಸೇಡಂಗೆ ಬಂದಳು. ಓಣಿಯ ಹೆಂಗಸರು ಮಾವಿನಕಾಯಿ ಹರಿಯುವ ಕೋಲೆಂದು ತಿಳಿದರು. ನಾನೂ ಹಾಗೇ ತಿಳಿದಿದ್ದೆ. ನಮಗೆ ಮಾವಿನ ಗಿಡವೇ ಇಲ್ಲ ಎಂಬುದು ಆಮೇಲೆ ನೆನಪಾಯಿತು.

ಬಂದು ಎರಡು ದೀಪಾವಳಿ ಕಳೆದ ಮೇಲೆ ಹುಡುಗಿ ಬಾಯಿ ಬಿಟ್ಟಳು. ಸೇಡಂನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸ್ಟುಡಿಯೋ ಹಾಕಬೇಕು ಅಂದಳು. ನನ್ನ ಮಗ ವಾಡಿಯಲ್ಲಿ ರೈಲಿನ ಕೆಲಸದವನು. ಅಪ್ಪ ಹೂಂ ಅಂದರೆ ನಂದೂ ಹೂಂ ಎಂದು ಡ್ಯೂಟಿಗೆ ಹೋಗಿಬಿಟ್ಟ. ಅಪ್ಪ ಹೂಂ ಅನ್ನಬೇಕಲ್ಲ. ನಮ್ಮ ಮನೆಯವರು ಮೂರು ದಿನ ಮೀಸೆ ತಿರುವಿ, ನಾಲ್ಕನೆಯ ದಿನ ಊಟದ ಮುಂದೆ ಕೂತು ತೀರ್ಪು ಕೊಟ್ಟರು.

ಆ ತೀರ್ಪು ತಿಳಿಯಬೇಕಾದರೆ ಹಿಂದಿನದೊಂದು ಹೇಳಬೇಕು. ಮಗನ ಮದುವೆಯಲ್ಲಿ ಮನೆಮಂದಿಯೆಲ್ಲ ನಿಂತು ಒಂದು ಫೋಟೋ ತೆಗೆಸಿದ್ದೆವು. ಚಿತ್ತಾಪುರದ ನಮ್ಮ ಭಾವನವರು, ಅಂದರೆ ಇವರ ಅಣ್ಣ, ಹಿರಿಯರು, ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ ಯಾರದೋ ದೊಡ್ಡ ರುಮಾಲು ಬಂತು. ಫೋಟೋದಲ್ಲಿ ಭಾವನವರದು ಒಂದು ಕೈ ಮಾತ್ರ ಬಂದಿದೆ, ಅದೂ ಬೇರೆಯವನ ಹೆಗಲ ಮೇಲೆ. “ನಾ ಸತ್ತವರ ಲೆಕ್ಕದಾಗ ಹೋದೆ,” ಎಂದು ಹೇಳಿ ಹೋದವರು ಆಮೇಲೆ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ತಮ್ಮನ ಜೊತೆ ಮಾತೂ ಇಲ್ಲ. ಒಂದು ಫೋಟೋದ ಸಲುವಾಗಿ. ಗಂಡಸರ ಸಿಟ್ಟು ನಿಮಗೂ ಗೊತ್ತಿರಬಹುದು, ಕಾರಣ ಸಣ್ಣದಿದ್ದಷ್ಟೂ ಗಟ್ಟಿ.

“ನಾಲವಾರದಾಗ ತಂಗಿ ಮಗಳ ಕುಬಸ ಅದ,” ಎಂದರು ನಮ್ಮವರು. “ನಮ್ಮ ಮಂದಿ ಎಲ್ಲಾ ಕೂಡ್ತಾರ. ಒಂದೇ ಫೋಟೋದಾಗ ಎಲ್ಲರ ಮಾರಿ ಬರಬೇಕು. ಒಂದು ಮಾರಿ ಕಮ್ಮಿ ಬಿತ್ತಂದ್ರ ಅಂಗಡಿ ಮಾತು ತೆಗೀಬಾರದು.”

“ಬರ್ತಾವ ಮಾವಾ.”

“ಬರದಿದ್ರ?”

“ಬರದಿದ್ರ ಕೋಲು ಅತ್ತಿಗಿ ಕೊಡ್ತೀನಿ. ಬಟ್ಟಿ ಒಣಗ ಹಾಕ್ಲಿ.”

ನಾನು ಯಾರ ಕಡೆಯೂ ಮಾತಾಡಲಿಲ್ಲ. ನಮ್ಮ ಅಂಗಳದ ಹಗ್ಗ ಹರಿದಿತ್ತು, ಕೋಲು ಸಿಕ್ಕರೂ ಕೆಟ್ಟದ್ದಲ್ಲ ಅನಿಸಿತು. ಆದರೆ ಆ ರಾತ್ರಿ ಹುಡುಗಿ ಒಂದೇ ರೊಟ್ಟಿ ತಿಂದಳು. ತಟ್ಟುವವಳಿಗೆ ಅದು ಗೊತ್ತಾಗುತ್ತದೆ.

ಸೇಡಂನಿಂದ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಬೇರೆ ರೈಲು ಹಿಡಿದು ನಾಲವಾರಕ್ಕೆ ಹೋಗಬೇಕು. ಕೋಲಿಗೆ ಧೂಳು ಹತ್ತಬಾರದೆಂದು ನಮ್ಮವರು ಅದಕ್ಕೆ ತಮ್ಮ ಮಡಿ ಧೋತರ ಸುತ್ತಿ, ಕೆಂಪು ದಾರ ಕಟ್ಟಿ, ಹೆಗಲ ಮೇಲೆ ಇಟ್ಟುಕೊಂಡರು. ಯಾರಿಗೂ ಮುಟ್ಟಗೊಡಲಿಲ್ಲ. ಇವರು ಹರೆಯದಲ್ಲಿ ನಂದಿಕೋಲು ಹಿಡಿದವರು. ನಂದಿಕೋಲು ಎಂದರೆ ಹಿತ್ತಾಳೆಯ ಬಟ್ಟಲು, ಗೆಜ್ಜೆ ಕಟ್ಟಿದ ಮನೆಯೆತ್ತರದ ಬಿದಿರು. ಅದರ ಬುಡವನ್ನು ಟೊಂಕದ ಬಟ್ಟೆಯಲ್ಲಿ ಸಿಕ್ಕಿಸಿ ಎತ್ತಿ ಕುಣಿಯುತ್ತಾರೆ, ಎದುರಾದವರು ಕೈಮುಗಿಯುತ್ತಾರೆ, ಹೆಂಗಸರು ಹಿಡಿದವನ ಕಾಲಿಗೆ ಕೊಡದ ನೀರು ಸುರಿಯುತ್ತಾರೆ. ಇವರ ಟೊಂಕ ಹೋಗಿ ಬಹಳ ವರ್ಷವಾಯಿತು, ಅಭಿಮಾನ ಹೋಗಿಲ್ಲ.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಮುದುಕಿ ಕೋಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ಯಾವ ದೇವರದ್ರಿ ಯಪ್ಪಾ ಇದು?”

ಇವರು ಸುಳ್ಳು ಹೇಳುವವರಲ್ಲ. “ನಾಲವಾರಕ್ಕ ಹೊಂಟದವ್ವ,” ಎಂದರು.

ಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಗಲೇ ನಾವು ಎಚ್ಚರಾಗಬೇಕಿತ್ತು.

ನಾದಿನಿ ಗುರಮ್ಮನ ಮನೆ ದೊಡ್ಡದು. ನಡುವೆ ಫರ್ಸಿ ಹಾಸಿದ ಅಂಗಳ, ಸುತ್ತಲೂ ಪಡಸಾಲೆ. ಬಸುರಿಯನ್ನು ಕೂರಿಸಿ ಹಸಿರು ಬಳೆ ಇಟ್ಟು, ಉಡಿ ತುಂಬಿ, ಆರತಿ ಮಾಡುವ ಹೊತ್ತಿಗೆ ಮಧ್ಯಾಹ್ನ. ಭಾವನವರೂ ಬಂದಿದ್ದರು. ತಮ್ಮನನ್ನು ನೋಡಿ ಕಂಬದ ಕಡೆ ಮುಖ ಮಾಡಿ ಕೂತಿದ್ದರು. ಊಟ ಮುಗಿಸಿ ಅರ್ಧ ಮಂದಿ ರೈಲಿಗೆ ಹೋಗುವವರು. ಹೀಗಾಗಿ ಊಟಕ್ಕೆ ಮುಂಚೆಯೇ ಫೋಟೋ ಎಂದಾಯಿತು. ಕೋಲು ಅಂಗಳದ ನಡುವೆ, ಮಂದಿ ಸುತ್ತಲೂ. ಮೇಲಿನ ಕ್ಯಾಮೆರಾ ನಿಧಾನಕ್ಕೆ ಒಂದು ಸುತ್ತು ತಿರುಗಿ ತುಣುಕು ತುಣುಕಾಗಿ ಹಿಡಿದು ಒಂದೇ ಉದ್ದ ಫೋಟೋ ಮಾಡುತ್ತದೆ. ಒಬ್ಬರ ಮುಂದೆ ಒಬ್ಬರು ನಿಲ್ಲುವ ಪ್ರಶ್ನೆಯೇ ಇಲ್ಲ.

ಕೋಲು ನಿಲ್ಲಿಸಲು ಭಾಗ್ಯ ಮೂರು ಕಾಲಿನ ಸ್ಟ್ಯಾಂಡ್ ತೆಗೆದಳು.

“ಅದೆಲ್ಲಾ ಬ್ಯಾಡ. ನಾ ಇದ್ದೀನಲ್ಲ,” ಎಂದು ನಮ್ಮವರು ಟೊಂಕಕ್ಕೆ ಟವೆಲು ಬಿಗಿದು ಬುಡ ಸಿಕ್ಕಿಸಿಕೊಂಡರು. ಮಾವನಿಗೆ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಧೋತರ ಬಿಚ್ಚುವುದನ್ನೂ ಮರೆತರು. ಬಿಳಿ ಬಟ್ಟೆ, ಕೆಂಪು ದಾರದ ಕೋಲು ಮೆಲ್ಲಗೆ ಮಾಳಿಗೆಗಿಂತ ಮೇಲೆ ಎದ್ದಿತು.

ಎದ್ದದ್ದೇ ತಡ, ಅಂಗಳದ ಮಂದಿಯೆಲ್ಲ ಕೈಮುಗಿದು ತಲೆ ಬಾಗಿಸಿತು. ಗುರಮ್ಮ ಎಲ್ಲಿದ್ದಳೋ, ಕೊಡ ತಂದು ಅಣ್ಣನ ಕಾಲಿಗೆ ನೀರು ಸುರಿದೇಬಿಟ್ಟಳು. ಫರ್ಸಿಯ ಮೇಲೆ ನೀರು ಬಿದ್ದರೆ ಕೇಳಬೇಕೆ? ಕೋಲು ಓಲಾಡಿತು, ಇವರೂ ಓಲಾಡಿದರು.

“ಏ ಗುರಮ್ಮಾ, ಕೊಡ ಇಳಸು. ಅದು ದೇವರಲ್ಲ, ಫೋಟೋದ್ದು,” ಎಂದು ನಾನು ಕೂಗಿದೆ.

“ನನಗ ಗೊತ್ತದ ವೈನಿ. ಆದ್ರ ಕೈ ಕೇಳ್ಬೇಕಲ್ಲ,” ಎಂದಳು.

ಫೋಟೋ ನೋಡಿದೆವು. ಬೈತಲೆ, ತುರುಬು, ಬೋಳು ತಲೆ, ರುಮಾಲು. ಒಂದೇ ಒಂದು ಮುಖ ಬಂದಿತ್ತು, ಅದು ನನ್ನದು, ಬಾಯಿ ಪೂರಾ ತೆರೆದು ಬೈಯುತ್ತಿರುವುದು. ಭಾಗ್ಯ ಎಲ್ಲರಿಗೂ ತಿಳಿಹೇಳಿದಳು. ಹೂಂ ಹೂಂ ಎಂದರು. ಧೋತರ ಬಿಚ್ಚಿಸಿದಳು. ಮತ್ತೆ ಕೋಲು ಎದ್ದಿತು, ಮತ್ತೆ ತಲೆಗಳು ಬಾಗಿದವು. ಹಿರಿಯರು ಬಾಗಿದಾಗ ಕಿರಿಯರು ನೆಟ್ಟಗೆ ನಿಲ್ಲುತ್ತಾರೆಯೇ? ಹುಡುಗಿಯ ಮುಖ ಬಿಳುಚಿತು. ರೈಲು ಹಿಡಿಯುವವರು ಹೊತ್ತಾಯಿತು ಎನ್ನತೊಡಗಿದರು.

ನನಗೆ ಹಸಿವಾಗಿತ್ತು. ಹಸಿದಾಗ ನನ್ನ ಬುದ್ಧಿ ಚೆನ್ನಾಗಿ ಓಡುತ್ತದೆ. “ತಾಟು ಹಂಚ್ರಿ,” ಎಂದೆ. “ಎಲ್ಲರಿಗೂ ನಿಂತಲ್ಲೇ ಹೋಳಿಗಿ ನೀಡ್ರಿ. ತುಪ್ಪ ಕಾಸಿ ಅಂಚಿನ ತನಕ ಹಾಕ್ರಿ.”

ಎರಡೂ ಕೈಯಲ್ಲಿ ತಾಟು. ತಾಟಿನ ತುಂಬ ತುಪ್ಪ. ಇನ್ನು ಕೈಮುಗಿಯಲಿ ನೋಡೋಣ. ಬಗ್ಗಿದರೆ ತುಪ್ಪ ಇಳಕಲ್ ಸೀರೆಯ ಮೇಲೆ. ಮೂರನೆಯ ಸಲ ಕೋಲು ಎದ್ದಾಗ ಇಡೀ ಬಳಗ ತಾಟು ಹಿಡಿದು, ಕುತ್ತಿಗೆ ನೆಟ್ಟಗೆ ಮಾಡಿ, ಮಳೆ ನೋಡುವವರಂತೆ ಮೇಲೆ ನೋಡಿತು. ಕ್ಯಾಮೆರಾ ತಿರುಗಿ ಬಂತು. ರೈಲಿನವರು ನಿಂತಲ್ಲೇ ತಿಂದು, ಕೈ ತೊಳೆದು ಓಡಿದರು.

ಉಳಿದವರು ಪಡಸಾಲೆಯಲ್ಲಿ ಫೋನಿನ ಸುತ್ತ ಕೂತೆವು. ಗುರಮ್ಮ ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತ ಹೋದಳು. ಮಂದಿಯ ನಡುವೆ ಫೋನು ಹಿಡಿದು ನಿಂತ ಭಾಗ್ಯಳೂ ಬಂದಿದ್ದಳು. ಫೋಟೋ ತೆಗೆಯುವವಳೇ ಫೋಟೋದಲ್ಲಿ. ಎಲ್ಲ ಸರಿಯಿತ್ತು. ಆದರೂ ಹುಡುಗಿ ನಗಲಿಲ್ಲ.

“ಮಾವಾ,” ಎಂದಳು, “ನಿಮ್ಮ ಮಾರಿ ಬಂದಿಲ್ಲ.”

ಕೋಲಿನ ಬುಡದಲ್ಲೇ ನಿಂತವರು ಕ್ಯಾಮೆರಾಗೆ ಕಾಣುವುದು ಹೇಗೆ? ಕೆಳಗಿನ ಅಂಚಿನಲ್ಲಿ ಇವರ ರುಮಾಲಿನ ತುದಿ, ಬಿಳಿ ಬೆಣ್ಣೆಯ ಮುದ್ದೆಯಂತೆ. ಅಷ್ಟೇ. ಇನ್ನೊಮ್ಮೆ ತೆಗೆಯೋಣವೆಂದರೆ ಅರ್ಧ ಮಂದಿ ಸ್ಟೇಷನ್ನಿನಲ್ಲಿದ್ದರು. ಇವರು ಕನ್ನಡಕ ಏರಿಸಿ ನೋಡಿದರು, ಇಳಿಸಿದರು. ಒಂದು ಮಾರಿ ಕಮ್ಮಿ ಬಿದ್ದಿತ್ತು. ಷರತ್ತು ಹಾಕಿದವರು ಅವರೇ, ಕೋಲು ಹಿಡಿದವರೂ ಅವರೇ. ಭಾಗ್ಯ ಕೋಲನ್ನು ಒಂದೊಂದೇ ಕೊಳವೆ ಒತ್ತಿ ಗಿಡ್ಡ ಮಾಡಿ, ತಂದು ನನ್ನ ಪಕ್ಕದಲ್ಲಿ ಇಟ್ಟಳು.

ನಾನು ಫೋನು ಈಸಿಕೊಂಡೆ. ನನಗೆ ಅಕ್ಷರಕ್ಕಿಂತ ಮುಖ ಬೇಗ ಗುರುತು ಸಿಗುತ್ತದೆ. ಎಡಗಡೆಯಿಂದ ನೋಡುತ್ತ ಬಂದೆ. ಬಲಗಡೆಯ ತುದಿಗೆ ಬಂದು ನಿಂತೆ. “ಇದೇನ್ರಿ ಭಾವನವರೇ,” ಎಂದೆ, “ನೀವು ಈ ಕಡಿನೂ ಅದೀರಿ, ಆ ಕಡಿನೂ ಅದೀರಿ.”

ಎಡಗಡೆಯ ಭಾವನವರ ತಾಟಿನಲ್ಲಿ ಇಡೀ ಹೋಳಿಗೆ. ಬಲಗಡೆಯ ಭಾವನವರ ತಾಟಿನಲ್ಲಿ ಅರ್ಧ.

ಭಾವನವರು ಕಂಬದ ಕಡೆ ನೋಡಿಕೊಂಡೇ ಹೇಳಿದರು. “ಹ್ವಾದ ಸಲ ಒಂದು ಕಡಿ ನಿಂತು ಏನಾಯ್ತು ಗೊತ್ತದಲ್ಲ. ಅದು ನನ್ನ ಹಿಡದದೋ ಇಲ್ಲೋ, ಯಾರಿಗಿ ಗೊತ್ತು? ಅದು ತಿರುಗಿ ಬರೂದ್ರಾಗ ಮಂದಿ ಹಿಂದಿಂದ ಹೋಗಿ ಆ ಕಡಿನೂ ನಿಂತೆ.”

“ಹೋಳಿಗಿ?”

“ಅದು ಬರೂತನಕ ಏನ್ ಮಾಡ್ಲಿ?”

ನಾನು ಇವರ ಕಡೆ ತಿರುಗಿದೆ. “ನೋಡ್ರಿ. ಎಷ್ಟು ಮಂದಿ ಬಂದೀವೋ ಅಷ್ಟು ಮಾರಿ ಅದಾವ. ಅಣ್ಣಂದು ಒಂದು ಜಾಸ್ತಿ, ತಮ್ಮಂದು ಒಂದು ಕಮ್ಮಿ. ಕಮ್ಮಿ ಬೀಳಬಾರದು ಅಂದಿದ್ರಿ. ಬಿದ್ದಿಲ್ಲ.”

ಇವರು ಬಾಯಿ ತೆರೆಯುವ ಮೊದಲು ಭಾವನವರು ಕಂಬ ಬಿಟ್ಟು ಈ ಕಡೆ ತಿರುಗಿದರು. “ತಗೋ ತಮ್ಮಾ,” ಎಂದರು. “ಬಲಗಡಿದು ನಿನಗ ಕೊಟ್ಟೆ. ಇಟ್ಕೋ.”

ನಮ್ಮವರು ಬಹಳ ಹೊತ್ತು ಆ ಬಲಗಡೆಯ ಮುಖ ನೋಡಿದರು. “ಅರ್ಧ ತಿಂದಿದ್ದು ಕೊಟ್ಟಿ ಅಲ್ಲೋ ಅಣ್ಣಾ,” ಎಂದರು.

ಗುರಮ್ಮ ನಗುತ್ತ ಇಬ್ಬರಿಗೂ ನೀರು ತಂದಳು, ಇಬ್ಬರೂ ಕುಡಿದರು. ಆಮೇಲೆ ಇವರು ಸೊಸೆಯ ಕಡೆ ನೋಡದೆ, ಮುಗಿಲಿಗೆ ಹೇಳುವವರಂತೆ, “ಬಸ್ ಸ್ಟ್ಯಾಂಡ್ ಕಡಿ ಧೂಳಿ ಭಾಳ. ಅಂಗಡಿ ಬ್ಯಾರೆ ಕಡಿ ನೋಡ್ರಿ,” ಎಂದರು. ಭಾಗ್ಯ ನನ್ನ ಪಕ್ಕದಿಂದ ಕೋಲು ಮೆಲ್ಲಗೆ ಎತ್ತಿಕೊಂಡಳು. ನನ್ನ ಬಟ್ಟೆಗೆ ಹೊಸ ಹಗ್ಗವೇ ತರಿಸಬೇಕಾಯಿತು.

ಸ್ಟುಡಿಯೋ ಚೆನ್ನಾಗಿ ನಡೆಯುತ್ತಿದೆ. ಈಗ ಅವಳು ಡ್ರೋನ್ ಹಾರಿಸುತ್ತಾಳೆ. ಮೊದಲ ಸಲ ಚಿಂಚೋಳಿಯ ಒಂದು ಮದುವೆಯಲ್ಲಿ ಅದು ಕೆಳಗೆ ಬಂದು ಬೀಗರ ಊಟದ ಎಲೆಗಳನ್ನೆಲ್ಲ ಹಾರಿಸಿತು, ಈಗ ಪಳಗಿದ್ದಾಳೆ. ನಾಲವಾರದ ಉದ್ದ ಫೋಟೋ ಅಂಗಡಿಯ ಗೋಡೆಯ ಮೇಲಿದೆ. ಇವರು ದಿನಾ ಹೋಗಿ ಅದರ ಕೆಳಗೆ ಕೂತು, ಬಂದವರಿಗೆಲ್ಲ ತಮ್ಮ ರುಮಾಲಿನ ತುದಿ ತೋರಿಸುತ್ತಾರೆ. ಭಾವನವರು ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಇವತ್ತಿನ ಮಾತಿಗೆ ಬರುತ್ತೇನೆ. ಬೆಳಗ್ಗೆ ನಾನು ತೆಗೆದ ಕೋಲನ್ನು ಭಾಗ್ಯ ಅಂಗಡಿಗೆ ಹೋಗುವ ಮುಂಚೆ ಅಂಗಳದ ಕಂಬಕ್ಕೆ ಬಿಗಿದು, ಒಂದು ಹಳೆಯ ಫೋನು ನನ್ನ ಕೈಗೆ ಕೊಟ್ಟಿದ್ದಳು. ಬೆರಳು ಸರಿಸಿದೆ. ನಮ್ಮ ಮಾಳಿಗೆಯನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು. ಬೆಳಕಿಂಡಿಯ ಪಕ್ಕದಲ್ಲಿ ಮೊಣಕಾಲೆತ್ತರ ಹುಲ್ಲು. ಸೋರದೆ ಏನು ಮಾಡೀತು. ಅಷ್ಟರಲ್ಲಿ ಇವರು ಅಂಗಡಿಯಿಂದ ಊಟಕ್ಕೆ ಬಂದರು. ಅಂಗಳದ ನಡುವೆ ನಿಂತು, ತಲೆ ಎತ್ತಿ ಕೋಲಿನ ತುದಿ ನೋಡಿದರು.

“ಏನ್ ಮಾಡ್ಲಿಕತ್ತಿ?”

ಕ್ಯಾಮೆರಾದ ಕುತ್ತಿಗೆಯನ್ನು ಆ ಕಡೆ ತಿರುಗಿಸಿ ಗುಂಡಿ ಒತ್ತಿದೆ. ಇಡೀ ಮುಖ ಬಂತು. ಗಡ್ಡ ಬೋಳಿಸಿರಲಿಲ್ಲ, ಬಾಯಿ ತೆರೆದಿತ್ತು. ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

“ಈಗ ನಿಮ್ಮ ಮಾರಿ ನಿಮಗ ಬಂತು,” ಎಂದೆ. “ಅಣ್ಣ ಕೊಟ್ಟಿದ್ದು ವಾಪಸ್ ಕೊಡಬೇಕು.”

ಅವರು ಕಾಲು ತೊಳೆಯಲು ತಂಬಿಗೆ ಎತ್ತಿಕೊಂಡರು.

“ಇರಲಿ ಬಿಡು,” ಎಂದರು. “ಅಣ್ಣನ ತಾಟಿನಾಗ ಹೋಳಿಗಿ ಇನ್ನಾ ಅರ್ಧ ಅದ.”

ನಾನು ಕುತ್ತಿಗೆಯನ್ನು ಮತ್ತೆ ಮಾಳಿಗೆಯ ಕಡೆ ತಿರುಗಿಸಿದೆ. ಹುಲ್ಲು ಕೀಳಿಸಬೇಕು.